ಫೋನಿನಲ್ಲಿ ನಮ್ಮ ಮಾತು



ನಾವು ಅಕ್ಷರ ಕಲಿತೆವು. ಬಸ್ಸಿನ ಬೋರ್ಡು ಓದಿದೆವು. ಬ್ಯಾಂಕಿನಲ್ಲಿ ಸಹಿ ಹಾಕಿದೆವು. ಈಗ ಕೈಗೆ ಫೋನು ಬಂದಿದೆ. ಅದರಲ್ಲಿ ವಾಟ್ಸಾಪ್ ಇದೆ. ಸಂಘದವರ ಗುಂಪು, ಮಕ್ಕಳ ಶಾಲೆಯ ಗುಂಪು, ತವರಿನವರ ಗುಂಪು. ಬೆಳಗಾದರೆ ಸಾಕು, ಹೂವಿನ ಚಿತ್ರ ಬಂದು ಬೀಳುತ್ತದೆ. ನಾವೂ ಅದನ್ನೇ ಮುಂದಕ್ಕೆ ತಳ್ಳುತ್ತೇವೆ. ಸ್ವಂತ ಮಾತು ಬರೆಯೋಕೆ ಮಾತ್ರ ಹೆದರಿಕೆ. ತಪ್ಪು ಬರೆದರೆ ನಗ್ತಾರೆ ಅಂತ. ಹೌದಲ್ಲವೇ?

ನಗುವವರು ನಗಲಿ. ನಾವು ಬರೆಯೋಣ.

ಸ್ಲೇಟಿನ ಮೇಲೆ ಕಾಗುಣಿತ ತಿದ್ದಿದ್ದು ನೆನಪಿದೆಯೇ? ಫೋನಿನಲ್ಲೂ ಅದೇ ದಾರಿ. ಕನ್ನಡದ ಕೀಲಿಗಳನ್ನು ತೆರೆಯಿರಿ. ಕ ಒತ್ತಿ. ಆಮೇಲೆ ಕೊಂಬು ಒತ್ತಿ. ಕು ಆಯಿತು. ಒತ್ತಕ್ಷರಕ್ಕೆ ಮಾತ್ರ ಒಂದು ಗುಟ್ಟಿದೆ. 'ಅಕ್ಕ' ಎಂದು ಬರೆಯಬೇಕು ಅನ್ನಿ. ಮೊದಲು ಅ, ಆಮೇಲೆ ಕ. ಈಗ ್ ಎಂಬ ಗುರುತು ಒತ್ತಿ. ಅದು ಕ್ ಆಗುತ್ತದೆ. ಮತ್ತೆ ಕ ಒತ್ತಿ. ಒತ್ತು ತಾನೇ ಕೆಳಗೆ ಹೋಗಿ ಕೂರುತ್ತದೆ! ಅಮ್ಮ, ಹಬ್ಬ, ಹತ್ತು, ಎಲ್ಲವೂ ಹೀಗೇ.

ಏನು ಬರೆಯೋದು? ಕೆಲಸದ ಮಾತು ಬರೆಯೋಣ.

"ಟೀಚರ್, ಮಗಳಿಗೆ ಜ್ವರ. ಇವತ್ತು ಶಾಲೆಗೆ ಬರುವುದಿಲ್ಲ."

ಇಷ್ಟೇ ಸಾಕು. ಇದು ರಜಾ ಚೀಟಿ. ದಿನ, ಹೊತ್ತು ಫೋನೇ ಹಾಕಿಕೊಳ್ಳುತ್ತದೆ. ನಾಳೆ ಯಾರೂ 'ತಿಳಿಸಲೇ ಇಲ್ಲ' ಅನ್ನುವಂತಿಲ್ಲ. ಬೋರ್‌ವೆಲ್ ಕೆಟ್ಟಿದೆಯೇ? ಫೋಟೋ ತೆಗೆಯಿರಿ. "ನಮ್ಮ ಕೇರಿಯ ಬೋರ್‌ವೆಲ್ ಕೆಟ್ಟು 3 ದಿನ ಆಯಿತು" ಎಂದು ಬರೆದು ಪಂಚಾಯಿತಿ ಸದಸ್ಯರಿಗೆ ಕಳಿಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಬರೆದದ್ದು ಉಳಿಯುತ್ತದೆ ಎಂದೆವು. ಸುಳ್ಳೂ ಹಾಗೇ ಉಳಿಯುತ್ತದೆ. ಓಡುತ್ತದೆ ಕೂಡ.

2018ರ ಜುಲೈ ತಿಂಗಳು. ಬೀದರ್ ಜಿಲ್ಲೆಗೆ ಹೈದರಾಬಾದಿನ ಕಡೆಯಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು. 'ಮಕ್ಕಳ ಕಳ್ಳರು' ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿಯಿತು. ಕಾರು ಮುರ್ಕಿ ಎಂಬ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಜನ ದಾರಿ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಸತ್ತೇ ಹೋದ. ಅವನೂ ಒಬ್ಬ ತಾಯಿಯ ಮಗ. ಅವರು ಯಾರೂ ಕಳ್ಳರಾಗಿರಲಿಲ್ಲ.

ಆ ಸುದ್ದಿ ತಳ್ಳಿದವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಮಕ್ಕಳ ಮೇಲಿನ ಭಯಕ್ಕೆ ತಳ್ಳಿದ್ದಾರು. ಆದರೆ 'ಕಣ್ಣಾರೆ ಕಂಡವರು ಯಾರು?' ಎಂದು ಕೇಳಿದವರು ಎಷ್ಟು ಮಂದಿ?

ನಾವು ಕೇಳೋಣ. ಯಾವ ಊರು? ಯಾವ ದಿನ? ಬರೆದವರು ಯಾರು? ಓದಲು ಬಂದವರಿಗೆ ಇದು ಕಷ್ಟವಲ್ಲ. ಫೋನೂ ಒಂದು ಗುರುತು ಕೊಡುತ್ತದೆ. ಸಂದೇಶದ ತಲೆಯ ಮೇಲೆ ಬಾಣ ಇದ್ದರೆ, ಕಳಿಸಿದವರು ಅದನ್ನು ಬರೆದಿಲ್ಲ, ಬೇರೆಯವರಿಂದ ಬಂದದ್ದನ್ನು ದಾಟಿಸಿದ್ದಾರೆ. ಎರಡು ಬಾಣ ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ. ಸುದ್ದಿ ಊರಿನದಾದರೆ ಪೊಲೀಸ್ ಠಾಣೆಗೆ ಫೋನು ಮಾಡಿ ಕೇಳಿ. ಕಾಯಿಲೆಯದಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಗೊತ್ತಾಗದಿದ್ದರೆ ಅಲ್ಲೇ ಬಿಡಿ, ತಳ್ಳಬೇಡಿ.

ಹಣದ ಮಾತು ಒಂದು. 'ಲಾಟರಿ ಬಂದಿದೆ, ನಂಬರ್ ಹೇಳಿ' ಅಂತಾರೆ. ಫೋನಿಗೆ ಬರುವ ಓಟಿಪಿ ಯಾರಿಗೂ ಹೇಳಬೇಡಿ. ನಮಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ಮೋಸ ಆಗಿಹೋದರೆ ನಾಚಿಕೆ ಪಡದೆ ಕೂಡಲೇ 1930ಕ್ಕೆ ಫೋನು ಮಾಡಿ. ಗುರುತಿಲ್ಲದವರು ರಾತ್ರಿ ಹೊತ್ತು ಕರೆ ಮಾಡಿ ಕಾಡಿದರೆ 'ಬ್ಲಾಕ್' ಒತ್ತಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅಭ್ಯಾಸ: ಇವತ್ತು ರಾತ್ರಿ ನಮ್ಮ ಕಲಿಕೆಯ ಗುಂಪಿಗೆ ಎರಡು ಸಾಲು ಬರೆಯಿರಿ. ಮನೆಯಲ್ಲಿ ಏನು ಅಡುಗೆ? ಹೊಲದಲ್ಲಿ ಏನು ಕೆಲಸ? ಮಗನ ಕೈಲಿ ಬರೆಸಬೇಡಿ. ಒಂದಾದರೂ ಒತ್ತಕ್ಷರ ಇರಲಿ.