ಅಂಗಳಕ್ಕೆ ಏನು ಹಾಸೋಣ? ಮುಚ್ಚಿಗೆ ಮತ್ತು ನೀರಿಂಗುವ ನೆಲಹಾಸಿನ ಪಾಠ

ಮನೆ ಕಟ್ಟಿ ಉಳಿದ ಜಾಗಕ್ಕೆ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಎರಡೇ ಗತಿ. ಒಂದೋ ಪೂರ್ತಿ ಕಾಂಕ್ರೀಟ್ ಹಾಕಿ 'ಕ್ಲೀನ್' ಮಾಡ್ತಾರೆ, ಇಲ್ಲಾಂದ್ರೆ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಬಿಳಿ ಕಲ್ಲು ಸುರಿದು 'ಗಾರ್ಡನ್' ಅಂತಾರೆ. ನೋಡೋಕೆ ಎರಡೂ ಬೇರೆ ಬೇರೆ. ಆದರೆ ಮಳೆನೀರಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೇ: ನೀರು ಮಣ್ಣಿಗೆ ಇಳಿಯೋದಿಲ್ಲ. ಅಂಗಳದ ವಿಷಯದಲ್ಲಿ ಕಣ್ಣಿಗೆ ಕಾಣುವ ಮೇಲ್ಪದರಕ್ಕಿಂತ ಅದರ ಕೆಳಗೇನಿದೆ ಅನ್ನೋದೇ ಮುಖ್ಯ.

ಮೊದಲು ಲೆಕ್ಕ

1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್ ನೀರು. 100 ಚದರ ಮೀಟರ್ ಅಂಗಳಕ್ಕೆ ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿದರೆ 5,000 ಲೀಟರ್. ಇದರಲ್ಲಿ ಎಷ್ಟು ಹೊರಗೆ ಹರಿಯುತ್ತೆ? ಸಿವಿಲ್‌ನವರಿಗೆ ಗೊತ್ತಿರುವ ಹರಿವಿನ ಗುಣಾಂಕದಿಂದ ಗುಣಿಸಿ. ಕಾಂಕ್ರೀಟಿಗೆ ಅದು ಸುಮಾರು 0.9, ಸಮತಟ್ಟಾದ ಹುಲ್ಲುನೆಲಕ್ಕೆ ಸುಮಾರು 0.2. ಅಂದ್ರೆ ಒಂದು ಕಡೆ 4,500 ಲೀಟರ್ ಚರಂಡಿಗೆ, ಇನ್ನೊಂದು ಕಡೆ 1,000. ವ್ಯತ್ಯಾಸ 3,500 ಲೀಟರ್. ಇಂಥ 50 ಮನೆಗಳಿರುವ ಒಂದು ಬೀದಿಯಲ್ಲಿ ಅದು 1,75,000 ಲೀಟರ್! 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ರಾಜಕಾಲುವೆ ಒತ್ತುವರಿಯ ಚರ್ಚೆ ಜೋರಾಗಿ ನಡೀತು, ಅದು ನ್ಯಾಯವೇ. ಆದರೆ ಕಾಲುವೆಗೆ ಬರುವ ನೀರಿನಲ್ಲಿ ನಮ್ಮ ನಮ್ಮ ಅಂಗಳದ ಪಾಲೂ ಇರುತ್ತೆ.

ಗಿಡದ ಬುಡಕ್ಕೆ ಮುಚ್ಚಿಗೆ

ಇಂಗ್ಲಿಷಿನವರು ಮಲ್ಚ್ ಅನ್ನೋದನ್ನೇ ನಮ್ಮ ರೈತರು ಮುಚ್ಚಿಗೆ ಅಥವಾ ಹೊದಿಕೆ ಅಂತಾರೆ. ಇದು ತೇವ ಆರದಂತೆ ತಡೆಯುತ್ತೆ, ಕಳೆಗೆ ಬೆಳಕು ಸಿಗದಂತೆ ಮಾಡುತ್ತೆ. ಇನ್ನೊಂದು ಕೆಲಸ ಅಷ್ಟಾಗಿ ಯಾರೂ ಗಮನಿಸಲ್ಲ. ಬರಿಮಣ್ಣಿಗೆ ಮಳೆಹನಿ ರಭಸವಾಗಿ ಬಡಿದರೆ ನುಣ್ಣನೆ ಕಣಗಳು ರಂಧ್ರಗಳನ್ನು ಮುಚ್ಚಿ ಮೇಲೊಂದು ಗಟ್ಟಿ ಹೆಪ್ಪು ಕಟ್ಟುತ್ತೆ. ಮುಚ್ಚಿಗೆ ಆ ಹೊಡೆತವನ್ನು ತಾನು ತಿಂದು, ನೀರನ್ನು ನಿಧಾನಕ್ಕೆ ಕೆಳಗೆ ಬಿಡುತ್ತೆ.

ದಪ್ಪ 5ರಿಂದ 8 ಸೆಂ.ಮೀ. ಸಾಕು. 20 ಚದರ ಮೀಟರ್ ಪಾತಿಗೆ 5 ಸೆಂ.ಮೀ. ಹಾಕಲು ಸರಿಯಾಗಿ 1 ಘನ ಮೀಟರ್ ಬೇಕು. ಕಾಂಡಕ್ಕೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಇಲ್ಲದಿದ್ದರೆ ಬುಡ ಕೊಳೆಯುತ್ತೆ.

ಒಣ ಎಲೆ: ಪುಕ್ಕಟೆ. ಹೊಂಗೆ ಎಲೆಯಂತೂ ಗೊಬ್ಬರವೂ ಹೌದು. ಗುಡಿಸಿ ಸುಡೋದು ಶುದ್ಧ ನಷ್ಟ.

ತೆಂಗಿನ ನಾರು, ಸಿಪ್ಪೆಯ ಚೂರು: ಲಿಗ್ನಿನ್ ಹೆಚ್ಚಿರುವುದರಿಂದ ನಿಧಾನವಾಗಿ ಕರಗುತ್ತೆ, ಕಂದುಬಣ್ಣವೂ ಚೆನ್ನಾಗಿ ಕಾಣುತ್ತೆ. ಉಪ್ಪಿನಂಶ ಇರಬಹುದು, ಒಮ್ಮೆ ತೊಳೆದು ಹಾಕಿ.

ಅಡಿಕೆ, ಕಾಫಿ, ಕಡಲೆಕಾಯಿ ಸಿಪ್ಪೆ: ನಿಮ್ಮ ಸೀಮೆಯಲ್ಲಿ ಯಾವುದು ಅಗ್ಗವೋ ಅದು. ಕಡಲೆಕಾಯಿ ಸಿಪ್ಪೆ ಹಗುರ, ಗಾಳಿಗೆ ಹಾರುತ್ತೆ.

ಮರದ ಚಕ್ಕೆ: ಮೇಲೆ ಹರಡಿ, ಮಣ್ಣಿನೊಳಗೆ ಬೆರೆಸಬೇಡಿ. ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾವೇ ಬಳಸ್ತವೆ. ಗೆದ್ದಲಿನ ಭಯ ಇದ್ದರೆ ಗೋಡೆಯಿಂದ ದೂರ ಇರಲಿ.

ಬಿಳಿ ಕಲ್ಲು: ಕೊಳೆಯಲ್ಲ, ಹಾಗಾಗಿ ಮಣ್ಣಿಗೆ ಏನೂ ಕೊಡಲ್ಲ. ಬೇಸಿಗೆಯಲ್ಲಿ ಬಿಸಿಲನ್ನು ಗಿಡದ ಮೇಲೇ ಎರಚುತ್ತೆ. ಅದು ಅಮೃತಶಿಲೆಯ ಚೂರಾದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆಗೆ ಸ್ವಲ್ಪ ಸ್ವಲ್ಪ ಕರಗಿ ಮಣ್ಣನ್ನು ಕ್ಷಾರೀಯ ಮಾಡುತ್ತೆ. ಕೇಪಳದಂಥ ಗಿಡಗಳಿಗೆ ಆಗ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತೆ. ಕಲ್ಲು ಬೇಕೇ ಬೇಕು ಅಂದ್ರೆ ದಾರಿಗೆ ಹಾಕಿ, ತಾರಸಿ ನೀರು ಬೀಳುವ ಜಾಗಕ್ಕೆ ಹಾಕಿ. ಅಡಿಗೆ ಪ್ಲಾಸ್ಟಿಕ್ ಬದಲು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲಿ.

ಕಾಲಿಡುವ ಕಡೆ ನೆಲಹಾಸು

ಇಂಟರ್‌ಲಾಕ್ ಪೇವರ್ ಹಾಕಿಸಿದ ತಕ್ಷಣ ನೀರು ಇಂಗುತ್ತೆ ಅಂತ ತಿಳ್ಕೊಂಡಿರೋರು ಬಹಳ ಜನ. ಕೆಳಗೆ ಸಿಮೆಂಟ್ ಹಾಸು, ಸಂದಿಯಲ್ಲಿ ಕಲ್ಲಿನ ಪುಡಿ ಇದ್ದರೆ ಅದೂ ಕಾಂಕ್ರೀಟೇ. ನಿಜವಾಗಿ ಇಂಗಬೇಕಾದರೆ ಸಂದಿಯಲ್ಲಿ ಪುಡಿಯಿಲ್ಲದ ಸಣ್ಣ ಚಿಪ್ಸ್, ಅದರ ಕೆಳಗೆ ಚಿಪ್ಸ್‌ನದೇ ತೆಳು ಹಾಸು, ಅದರ ಕೆಳಗೆ 20ರಿಂದ 40 ಮಿ.ಮೀ. ಗಾತ್ರದ ತೊಳೆದ ಜಲ್ಲಿ ಬೇಕು. ಒಂದೇ ಗಾತ್ರದ ಜಲ್ಲಿಯಲ್ಲಿ ಸುಮಾರು ಶೇಕಡ 40 ಖಾಲಿ ಜಾಗ ಇರುತ್ತೆ. 30 ಸೆಂ.ಮೀ. ದಪ್ಪ ಹಾಕಿದರೆ 120 ಮಿ.ಮೀ. ಮಳೆ ಅದರೊಳಗೇ ಕೂರುತ್ತೆ, ಆಮೇಲೆ ನಿಧಾನಕ್ಕೆ ಮಣ್ಣಿಗೆ ಇಳಿಯುತ್ತೆ. ನೆಲಹಾಸೇ ಒಂದು ಟ್ಯಾಂಕ್ ಆದಂಗಾಯ್ತು.

ಮರಳಿಲ್ಲದ ರಂಧ್ರ ಕಾಂಕ್ರೀಟ್ ಕೂಡ ಇದೆ, ಶೇಕಡ 15ರಿಂದ 25 ಖಾಲಿ ಜಾಗದ್ದು. ಆದರೆ ಧೂಳು ಕೂತು ರಂಧ್ರ ಕಟ್ಟಿಕೊಳ್ಳುತ್ತೆ, ಆಗಾಗ ಶುಚಿ ಮಾಡಬೇಕು. ಜನ ನಡೆದಾಡೋ ದಾರಿಗಷ್ಟೇ ಆದರೆ ಚಪ್ಪಡಿ ಕಲ್ಲುಗಳನ್ನು ಬಿಡಿಬಿಡಿಯಾಗಿ ಹಾಸಿ ನಡುವೆ ಹುಲ್ಲು ಬೆಳೆಸೋದು ಎಲ್ಲಕ್ಕಿಂತ ಸುಲಭ.

ಕೊನೆಗೆ ಮಣ್ಣು

ಖರ್ಚು ಮಾಡುವ ಮುಂಚೆ ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳೀತು ಅಂತ ಸ್ಕೇಲ್‌ನಲ್ಲಿ ಅಳೆಯಿರಿ. 25 ಮಿ.ಮೀ.ಗಿಂತ ಹೆಚ್ಚಾದರೆ ನಿಶ್ಚಿಂತೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ, ನೀರನ್ನು ಬೇಗ ಬಿಡಲ್ಲ. ಅಲ್ಲಿ ಗೋಡೆಯ ಪಕ್ಕದಲ್ಲೇ ನೀರು ಇಂಗಿಸಿದರೆ ಪಾಯಕ್ಕೇ ಪೆಟ್ಟು. ದೂರದಲ್ಲಿ ಇಂಗಿಸಿ, ಜಲ್ಲಿಯ ಅಡಿಗೆ ತೂತಿನ ಪೈಪ್ ಇಟ್ಟು ಹೆಚ್ಚಿನ ನೀರನ್ನು ಹೊರಗೆ ಒಯ್ಯಿರಿ.

ಹಳೇ ಮರ ಇದ್ದರಂತೂ ಬುಡದ ಸುತ್ತ ಏನನ್ನೂ ಕಟ್ಟಬೇಡಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯಲ್ಲಿ ಮರಗಳ ಸುತ್ತ 1 ಮೀಟರ್ ಒಳಗಿನ ಕಾಂಕ್ರೀಟ್ ತೆಗೆಸಲು ಆದೇಶಿಸಿತ್ತು. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು.

ಮುಂದಿನ ಮಳೆಗೆ ಕೊಡೆ ಹಿಡಿದು ಹಾಸ್ಟೆಲ್ ಸುತ್ತ ಒಂದು ರೌಂಡ್ ಹೋಗಿ. ಎಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಓಡುತ್ತೆ, ಎಲ್ಲಿ ಸದ್ದಿಲ್ಲದೆ ಮಾಯವಾಗುತ್ತೆ ಅಂತ ಗುರುತು ಹಾಕಿಕೊಳ್ಳಿ. ಆ ಒಂದು ಹಾಳೆ ನಕ್ಷೆ ಒಳ್ಳೆಯ ಮಿನಿ ಪ್ರಾಜೆಕ್ಟಿಗೆ ಮೊದಲ ಪುಟ ಆಗಬಹುದು.