ಸರಾಸರಿಗೂ ತಕ್ಕಡಿ ಬೇಕು: ಲೆಕ್ಕದ ಹಾಳೆಯಲ್ಲಿ ತೂಕದ ಸರಾಸರಿ ತೆಗೆಯುವ ಕ್ರಮ



ಅಡಿಕೆ ಬಿಕರಿಯಾಗಿ ಪಟ್ಟಿ ಕೈಗೆ ಬಂದ ಮೇಲೆ ನಾವು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, “ಈ ಸಲ ಸರಾಸರಿ ಎಷ್ಟು ಬಿತ್ತು?” ಎಂಬುದು. ಕಳಸ, ಸಂಸೆ, ಬಾಳೆಹೊಳೆ, ಯಾವ ಊರಿನ ಅಂಗಡಿ ಜಗಲಿಯಲ್ಲಿ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಉತ್ತರವೂ ಥಟ್ಟನೆ ಬರುತ್ತದೆ. ಆದರೆ ಆ ಉತ್ತರ ಅನೇಕ ಸಲ ತಪ್ಪಾಗಿರುತ್ತದೆ. ತಪ್ಪಿದರೆ ಹೋಗುವುದೇನು ಎಂದು ಕೇಳಬಹುದು. ಮಾತಿನಲ್ಲಿ ತಪ್ಪಿದರೆ ಏನೂ ಹೋಗದು. ಅದೇ ತಪ್ಪು ಸಂಘದ ಲೆಕ್ಕಕ್ಕೆ ಬಂದರೆ ಒಬ್ಬರ ಹಣ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು ನಾನು ಕಂಡಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

ಒಂದು ಪಟ್ಟಿಯ ಲೆಕ್ಕ

ಒಬ್ಬ ಸದಸ್ಯರ ಕೆಂಪಡಿಕೆ 12 ಕ್ವಿಂಟಲ್ ಬಿಕರಿಯಾಯಿತು ಎಂದಿಟ್ಟುಕೊಳ್ಳಿ. ಕೆಳಗಿನ ದರಗಳು ಲೆಕ್ಕ ತಿಳಿಯಲೆಂದು ಇಟ್ಟವು. ಮಂಡಿಯ ಇಂದಿನ ದರವೆಂದು ಯಾರೂ ಭಾವಿಸಬಾರದು.

ಸರಕು: 0.40 ಕ್ವಿಂಟಲ್, ದರ ರೂ. 80,000
ಬೆಟ್ಟೆ: 1.00 ಕ್ವಿಂಟಲ್, ದರ ರೂ. 54,000
ರಾಶಿ: 8.00 ಕ್ವಿಂಟಲ್, ದರ ರೂ. 48,000
ಗೊರಬಲು: 2.60 ಕ್ವಿಂಟಲ್, ದರ ರೂ. 30,000

ನಾಲ್ಕು ದರಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ 53,000 ರೂಪಾಯಿ ಬರುತ್ತದೆ. ಜಗಲಿಯ ಮೇಲಿನ ಉತ್ತರ ಇದು. ಈಗ ಹಣ ಎಣಿಸೋಣ. ಸರಕಿನಿಂದ 32,000, ಬೆಟ್ಟೆಯಿಂದ 54,000, ರಾಶಿಯಿಂದ 3,84,000, ಗೊರಬಲಿನಿಂದ 78,000. ಒಟ್ಟು 5,48,000 ರೂಪಾಯಿ. ಇದನ್ನು 12 ಕ್ವಿಂಟಲಿಗೆ ಹಂಚಿದರೆ ಕ್ವಿಂಟಲ್‌ಗೆ ಬೀಳುವುದು 45,667 ರೂಪಾಯಿ ಮಾತ್ರ.

ಕ್ವಿಂಟಲ್ ಒಂದಕ್ಕೆ 7,333 ರೂಪಾಯಿಯ ಅಂತರ. 53,000ದ ಸರಾಸರಿ ನಂಬಿ ಮನೆಯ ಖರ್ಚಿಗೋ ಮಗಳ ಮದುವೆಗೋ ಅಂದಾಜು ಹಾಕಿದವರಿಗೆ ಕೊನೆಯಲ್ಲಿ 88,000 ರೂಪಾಯಿ ಕಡಿಮೆ ಬೀಳುತ್ತದೆ. ಮಂಡಿಯವರು ಮೋಸ ಮಾಡಲಿಲ್ಲ, ತೂಕದಲ್ಲೂ ತಪ್ಪಿಲ್ಲ. ನಲವತ್ತು ಕಿಲೋ ಸರಕಿಗೂ ಎಂಟು ಕ್ವಿಂಟಲ್ ರಾಶಿಗೂ ಸರಾಸರಿಯಲ್ಲಿ ಒಂದೇ ಸ್ಥಾನ ಕೊಟ್ಟದ್ದೇ ತಪ್ಪು. ಪ್ರತಿ ದರವನ್ನೂ ಅದರ ಪ್ರಮಾಣದಿಂದ ಗುಣಿಸಿ, ಕೂಡಿಸಿ, ಒಟ್ಟು ಪ್ರಮಾಣದಿಂದ ಭಾಗಿಸುವುದಕ್ಕೆ ತೂಕದ ಸರಾಸರಿ ಎಂದು ಹೆಸರು.

ಹಾಳೆಯಲ್ಲಿ ಮಾಡುವ ಬಗೆ

ಈಗ ಮನೆಯಲ್ಲಿ ಮಕ್ಕಳ ಕಂಪ್ಯೂಟರ್ ಇದೆ, ಕೈಯಲ್ಲಿ ಮೊಬೈಲ್ ಇದೆ. ಎಕ್ಸೆಲ್ ಆಗಲಿ, ಹಣ ಕೊಡದೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್ ಆಗಲಿ, ಮೊಬೈಲಿನ ಗೂಗಲ್ ಶೀಟ್ಸ್ ಆಗಲಿ, ಕ್ರಮ ಒಂದೇ.

1. ಮೊದಲ ಸಾಲಿನಲ್ಲಿ ತಲೆಬರಹ ಬರೆಯಿರಿ: ಎ ಕಾಲಮ್ಮಿನಲ್ಲಿ ‘ದರ್ಜೆ’, ಬಿ ಯಲ್ಲಿ ‘ಕ್ವಿಂಟಲ್’, ಸಿ ಯಲ್ಲಿ ‘ದರ’.

2. ಎರಡನೆಯ ಸಾಲಿನಿಂದ ಐದನೆಯ ಸಾಲಿನವರೆಗೆ ನಾಲ್ಕು ದರ್ಜೆಗಳನ್ನು ತುಂಬಿ. ಬಿ, ಸಿ ಕಾಲಮ್ಮುಗಳಲ್ಲಿ ಅಂಕಿ ಬಿಟ್ಟು ಬೇರೇನೂ ಇರಬಾರದು.

3. ಸಿ ಕಾಲಮ್ಮಿನ ಏಳನೆಯ ಮನೆಯಲ್ಲಿ ಈ ಸೂತ್ರ ಬರೆಯಿರಿ:

=ಸಮ್‌ಪ್ರಾಡಕ್ಟ್(ಬಿ2:ಬಿ5,ಸಿ2:ಸಿ5)/ಸಮ್(ಬಿ2:ಬಿ5)

ಇಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದರೂ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು: ಎಸ್, ಯು, ಎಂ, ಪಿ, ಆರ್, ಒ, ಡಿ, ಯು, ಸಿ, ಟಿ. ನಡುವೆ ಜಾಗ ಬಿಡಬಾರದು. ಕೆಲವು ಕಂಪ್ಯೂಟರುಗಳು ಅಲ್ಪವಿರಾಮದ ಬದಲು ಅರ್ಧವಿರಾಮ ಕೇಳುತ್ತವೆ. ‘ಸಮ್‌ಪ್ರಾಡಕ್ಟ್’ ಎಂದರೆ ಸಾಲು ಸಾಲಾಗಿ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸು ಎಂದು ಅರ್ಥ. ‘ಸಮ್’ ಎಂದರೆ ಬರೀ ಕೂಡಿಸು. ಗುಂಡಿ ಒತ್ತಿದೊಡನೆ 45,666.67 ಎಂದು ಬರಬೇಕು. ‘ಅವರೇಜ್’ ಎಂಬ ಇನ್ನೊಂದು ಸೂತ್ರವಿದೆ. ಅದು ತಕ್ಕಡಿ ಮುಟ್ಟದೆ 53,000 ಎಂದೇ ಹೇಳುತ್ತದೆ. ಯಂತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಕೇಳಬೇಕಾದ್ದು ಯಾವುದು ಎಂದು ಹೇಳಿಕೊಡುವುದಿಲ್ಲ.

ತೂಕ ಎಂದು ಯಾವುದನ್ನು ಹಿಡಿಯಬೇಕು?

ಹೆಚ್ಚಿನವರು ಎಡವುವುದು ಇಲ್ಲಿ. ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಗುರುತಿದೆ. ದರ ಹೇಳುವಾಗ ‘ಗೆ’ ಎಂಬ ಪ್ರತ್ಯಯ ಯಾವ ಮಾತಿಗೆ ಅಂಟಿಕೊಳ್ಳುತ್ತದೆ ನೋಡಿ. ಕ್ವಿಂಟಲ್‌ಗೆ ಇಷ್ಟು ಎಂದರೆ ತೂಕ ಕ್ವಿಂಟಲ್. ಎಕರೆಗೆ ಇಷ್ಟು ಎಂದರೆ ತೂಕ ಎಕರೆ. ಮೂಟೆಗೆ ಇಷ್ಟು ಎಂದರೆ ತೂಕ ಮೂಟೆ.

ಒಂದು ತೋಟದಲ್ಲಿ ಹತ್ತು ಎಕರೆಯ ಹಳೇ ಭಾಗ ಎಕರೆಗೆ 6 ಮೂಟೆ ಕೊಟ್ಟಿತು, ಎರಡು ಎಕರೆಯ ಹೊಸ ಭಾಗ ಎಕರೆಗೆ 15 ಮೂಟೆ ಕೊಟ್ಟಿತು. ಸರಾಸರಿ ಹತ್ತೂವರೆ ಎಂದರೆ ಕೇಳಲು ಚೆನ್ನ. ಆದರೆ ಬಂದದ್ದು 60 ಮತ್ತು 30, ಒಟ್ಟು 90 ಮೂಟೆ. 12 ಎಕರೆಗೆ ಹಂಚಿದರೆ ಏಳೂವರೆ. ಹತ್ತೂವರೆಯ ಭ್ರಮೆಯಲ್ಲಿ ಗೊಬ್ಬರಕ್ಕೆ ಸಾಲ ಮಾಡಿದವರು ತೀರಿಸುವಾಗ ಕಷ್ಟಪಡುತ್ತಾರೆ.

ಇನ್ನೊಂದು. ಎರಡು ಸಲ ತಲಾ 20,000 ರೂಪಾಯಿಯ ಗೊಬ್ಬರ ತಂದೆವು. ಮೊದಲ ಸಲ ಮೂಟೆಗೆ 1,000, ಎರಡನೇ ಸಲ ಮೂಟೆಗೆ 1,250. ಹಣ ಸಮವಾಗಿದೆ, ಸರಾಸರಿ 1,125 ಎನ್ನಬೇಡಿ. ‘ಗೆ’ ಅಂಟಿರುವುದು ಮೂಟೆಗೆ. ಮೊದಲು ಬಂದದ್ದು 20 ಮೂಟೆ, ಆಮೇಲೆ 16. ನಲವತ್ತು ಸಾವಿರವನ್ನು 36ರಿಂದ ಭಾಗಿಸಿದರೆ ಸರಿಯುತ್ತರ 1,111.

ನಮ್ಮಲ್ಲೇ ಆದ ತಪ್ಪು

ಈಗ ಆಗಲೇ ಹೇಳಿದ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾಲ್ವರು ಸದಸ್ಯರ ರೊಬಸ್ಟ ಚೆರ್ರಿಯನ್ನು ಒಟ್ಟುಮಾಡಿ ಒಂದೇ ಲಾಟಾಗಿ ಮಾರಿದೆವು. ದೊಡ್ಡ ಲಾಟಿಗೆ ದರ ಚೆನ್ನಾಗಿ ಬರುತ್ತದೆಂಬ ಆಸೆ. ಔಟ್‌ಟರ್ನ್ ಎಂದರೆ 50 ಕಿಲೋ ಚೆರ್ರಿ ಮೂಟೆಯಿಂದ ಎಷ್ಟು ಕಿಲೋ ಕ್ಲೀನ್ ಕಾಫಿ ಸಿಗುತ್ತದೆ ಎಂಬ ಅಳತೆ ಎಂಬುದು ನಿಮಗೆ ಗೊತ್ತೇ ಇದೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಕೊಟ್ಟಿದ್ದೇನೆ.

ಕ: 70 ಮೂಟೆ, ಔಟ್‌ಟರ್ನ್ 24
ಖ: 12 ಮೂಟೆ, ಔಟ್‌ಟರ್ನ್ 27
ಗ: 10 ಮೂಟೆ, ಔಟ್‌ಟರ್ನ್ 28
ಘ: 8 ಮೂಟೆ, ಔಟ್‌ಟರ್ನ್ 26.5

ನಾನು ‘ಅವರೇಜ್’ ಒತ್ತಿದೆ. 26.375 ಎಂದಿತು. ಔಟ್‌ಟರ್ನ್ ಪಾಯಿಂಟಿಗೆ 400 ರೂಪಾಯಿಯಂತೆ 10,55,000 ಬರುತ್ತದೆಂದು ಆಡಳಿತ ಮಂಡಳಿಗೆ ಹೇಳಿಬಿಟ್ಟೆ. ಕೊಂಡವರು ಪರೀಕ್ಷೆ ಮಾಡಿ 24.96 ಎಂದರು, ಹಣ 9,98,400 ಬಂತು. 56,600 ರೂಪಾಯಿ ಎಲ್ಲಿ ಹೋಯಿತು? ಕೊಂಡವರ ಮೇಲೆ ಅನುಮಾನಪಟ್ಟು ಖಾರವಾಗಿಯೇ ಕಾಗದ ಬರೆದೆ. ಆ ರಾತ್ರಿ ಮೂಟೆಯಿಂದ ಗುಣಿಸಿ ನೋಡಿದರೆ 1,680, 324, 280, 212. ಒಟ್ಟು 2,496 ಪಾಯಿಂಟು. ನೂರು ಮೂಟೆಗೆ ಹಂಚಿದರೆ 24.96. ಅವರು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕ್ಷಮೆ ಕೇಳಿ ಇನ್ನೊಂದು ಕಾಗದ ಬರೆದೆ.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಚೆನ್ನಾಗಿತ್ತು. ಹಣ ಹಂಚುವಾಗ ಎರಡನೆಯ ತಪ್ಪು ಮಾಡಿದೆ. 9,98,400ನ್ನು ನೂರು ಮೂಟೆಗೆ ಹಂಚಿ, ಮೂಟೆಗೆ 9,984ರಂತೆ ಎಲ್ಲರಿಗೂ ಒಂದೇ ದರ ಕೊಟ್ಟೆ. ಒಟ್ಟು ಸರಿ ಹೊಂದಿತು, ಪುಸ್ತಕ ಮುಚ್ಚಿದೆ. ವಾರ ಕಳೆದ ಮೇಲೆ ‘ಗ’ ಎಂದು ಬರೆದಿರುವ ಸದಸ್ಯೆ ಕಚೇರಿಗೆ ಬಂದರು. ಎರಡು ಎಕರೆ ತೋಟದವರು. ಚೀಟಿಯನ್ನು ಮೇಜಿನ ಮೇಲಿಟ್ಟು, “ಸೆಕ್ರೆಟರಿಯವರೇ, ನನ್ನ ಕಾಫಿ ಇಪ್ಪತ್ತೆಂಟು ಅಂತ ನೀವೇ ಬರೆದುಕೊಟ್ಟಿದ್ದೀರಿ. ಇಪ್ಪತ್ನಾಲ್ಕು ಬಿದ್ದವರಿಗೂ ನನಗೂ ಮೂಟೆಗೆ ಒಂದೇ ದುಡ್ಡಾ?” ಎಂದು ಕೇಳಿದರು.

ಉತ್ತರ ಇರಲಿಲ್ಲ. ಅವರಿಗೆ ಮೂಟೆಗೆ 11,200 ಸಲ್ಲಬೇಕಿತ್ತು. ಹತ್ತು ಮೂಟೆಯಲ್ಲಿ 12,160 ರೂಪಾಯಿ ಕಳೆದುಕೊಂಡಿದ್ದರು. ‘ಖ’ ಕಳೆದುಕೊಂಡದ್ದು 9,792. ‘ಘ’ ಕಳೆದುಕೊಂಡದ್ದು 4,928. ಮೂವರದೂ ಸೇರಿ 26,880. ಆ ಹಣ ಇಡಿಯಾಗಿ ಹೋದದ್ದು ‘ಕ’ ಸದಸ್ಯರಿಗೆ. ಆ ‘ಕ’ ಬೇರೆ ಯಾರೂ ಅಲ್ಲ, ನಾನೇ. ಆ ವರ್ಷ ಕೊಯ್ಲಿಗೆ ಆಳು ಸಿಗದೆ ಹಣ್ಣು, ಹಸಿರು ಕಾಯಿ ಎಲ್ಲ ಒಟ್ಟಿಗೇ ಉದುರಿಸಿದ್ದೆ. ಔಟ್‌ಟರ್ನ್ ಬೀಳದೇ ಇನ್ನೇನಾದೀತು? ಆ ಸದಸ್ಯೆ ಹಣ್ಣನ್ನೇ ಆರಿಸಿ ಕೊಯ್ದು, ಕಣದಲ್ಲಿ ದಿನಕ್ಕೆ ನಾಲ್ಕು ಸಲ ಕಾಲಾಡಿಸಿ ಒಣಗಿಸಿದ್ದರು. ಅವರ ದುಡಿಮೆಯನ್ನು ನನ್ನ ಅಜಾಗರೂಕತೆಗೆ ಹಂಚಿಬಿಟ್ಟಿದ್ದೆ. ಬೇಕೆಂದು ಮಾಡಿದ್ದಲ್ಲ ಎಂಬುದು ನಿಜ. ಆದರೆ ಹೊರಗಿನಿಂದ ನೋಡಿದವರಿಗೆ ಬೇಕೆಂದು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಮರುದಿನವೇ ಹಣ ಕಟ್ಟಿ ಮೂವರಿಗೂ ಸಲ್ಲಿಸಲಾಯಿತು. ಅಂದಿನಿಂದ ನಮ್ಮ ಹಾಳೆಯಲ್ಲಿ ಡಿ ಕಾಲಮ್ಮು ಸೇರಿದೆ: ಮೂಟೆ ಗುಣಿಸು ಔಟ್‌ಟರ್ನ್, ಅಂದರೆ ಪಾಯಿಂಟು. ಬಂದ ಹಣವನ್ನು ಒಟ್ಟು ಪಾಯಿಂಟಿನಿಂದ ಭಾಗಿಸಿದರೆ ಪಾಯಿಂಟಿಗೆ 400. ಅವರವರ ಪಾಯಿಂಟಿಗೆ ಅವರವರ ಹಣ. ಕಾರ್ಯದರ್ಶಿಯ ಮಾಲು ಸೇರಿರುವ ಲಾಟಿನ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸಿ ಸಹಿ ಹಾಕಬೇಕೆಂದೂ ನಿಯಮ ಮಾಡಿಕೊಂಡಿದ್ದೇವೆ.

ಹಿರಿಯರಿಗೆ ಇದು ಹೊಸತಲ್ಲ

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ 1940ರಲ್ಲಿ ಸುಗ್ರೀವಾಜ್ಞೆಯೂ 1942ರಲ್ಲಿ ಕಾಫಿ ಕಾಯಿದೆಯೂ ಬಂದು ಕಾಫಿ ಪೂಲ್ ಏರ್ಪಟ್ಟಿತು. ಎಲ್ಲರ ಕಾಫಿಯೂ ಮಂಡಳಿಯ ಪೂಲಿಗೆ ಹೋಗಿ ಅಲ್ಲಿಂದ ಹರಾಜಾಗುತ್ತಿತ್ತು. ಯಾರ ಮೂಟೆ ಯಾವ ದರಕ್ಕೆ ಹೋಯಿತೆಂದು ಹೇಳುವಂತಿರಲಿಲ್ಲ. ಹೀಗಿರಲಾಗಿ ಪ್ರತಿ ದರ್ಜೆಗೂ ಇಂತಿಷ್ಟು ಪಾಯಿಂಟ್ ಎಂದು ಗೊತ್ತುಮಾಡಿ, ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಕಂತುಗಳಲ್ಲಿ ಹಣ ಕೊಡುತ್ತಿದ್ದರು. ಕಂತು ತಡವಾಯಿತೆಂದು ನಮ್ಮ ತಂದೆಯವರ ಕಾಲದವರು ಗೊಣಗುತ್ತಿದ್ದುದುಂಟು. ಆದರೂ ಆ ಏರ್ಪಾಡಿನ ಒಳಗಿದ್ದದ್ದು ತೂಕದ ಸರಾಸರಿಯೇ: ಪ್ರಮಾಣಕ್ಕೂ ಬೆಲೆ, ಗುಣಕ್ಕೂ ಬೆಲೆ. 1992ರಿಂದ ಪೂಲನ್ನು ಹಂತ ಹಂತವಾಗಿ ಸಡಿಲಿಸಿ 1996ರಲ್ಲಿ ಮಾರಾಟವನ್ನು ಪೂರ್ತಿಯಾಗಿ ಬೆಳೆಗಾರರ ಕೈಗೆ ಬಿಟ್ಟರು. ಪೂಲ್ ಹೋಯಿತು, ಒಟ್ಟಿಗೆ ಮಾರಿ ನ್ಯಾಯವಾಗಿ ಹಂಚಿಕೊಳ್ಳುವ ಕೆಲಸ ನಮ್ಮಂಥ ಸಂಘಗಳ ಪಾಲಿಗೆ ಉಳಿದಿದೆ. ಅಡಿಕೆಯಲ್ಲಿ 1939ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿದ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ ಇಂದಿಗೂ ಆ ದಾರಿಯಲ್ಲಿವೆ. ಸಹಕಾರದ ಬುಡದಲ್ಲಿರುವುದು ಪಟ್ಟಿಯ ಮೇಲಿನ ನಂಬಿಕೆ.

ನಾಲ್ಕು ಎಚ್ಚರಿಕೆಗಳು

ಒಂದು: ಅಂಕಿಯ ಮನೆಯಲ್ಲಿ ‘48000 ರೂ.’ ಎಂದು ಬರೆದರೆ ಯಂತ್ರಕ್ಕೆ ಅದು ಅಂಕಿಯಲ್ಲ, ಬರೀ ಅಕ್ಷರ. ಆ ದರವನ್ನು ಸೊನ್ನೆ ಎಂದು ಹಿಡಿಯುತ್ತದೆ. ಆದರೆ ಆ ಸಾಲಿನ ಕ್ವಿಂಟಲ್ ಮಾತ್ರ ಭಾಜಕದಲ್ಲಿ ಉಳಿಯುತ್ತದೆ. ಸರಾಸರಿ ಸುಮ್ಮನೆ ಕುಸಿಯುತ್ತದೆ. ಸಾಮಾನ್ಯವಾಗಿ ಅಂಕಿ ಮನೆಯ ಬಲಕ್ಕೂ ಅಕ್ಷರ ಎಡಕ್ಕೂ ನಿಲ್ಲುತ್ತವೆ. ಎಡಕ್ಕೆ ನಿಂತ ಅಂಕಿ ಕಂಡರೆ ತಿದ್ದಿ.

ಎರಡು: ಕಿಲೋ ಮತ್ತು ಕ್ವಿಂಟಲ್ ಬೆರೆಸಬೇಡಿ. ಮೇಲಿನ ಪಟ್ಟಿಯಲ್ಲಿ ಸರಕಿಗೆ 0.40ರ ಬದಲು 40 ಎಂದು ಬರೆದರೆ ಸರಾಸರಿ 72,016ಕ್ಕೆ ಜಿಗಿಯುತ್ತದೆ. ಅದೂ 30,000 ಮತ್ತು 80,000ದ ನಡುವೆಯೇ ಇರುವುದರಿಂದ ಮೇಲುನೋಟಕ್ಕೆ ಅನುಮಾನ ಬಾರದು. ಒಟ್ಟು ಕ್ವಿಂಟಲನ್ನು ತೂಕದ ಚೀಟಿಯೊಂದಿಗೆ ಹೋಲಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಮೂರು: ಕೆಳಗಿನ ‘ಒಟ್ಟು’ ಸಾಲನ್ನು ಸೂತ್ರದ ವ್ಯಾಪ್ತಿಗೆ ಸೇರಿಸಬಾರದು. ಎರಡೂ ಕಾಲಮ್ಮುಗಳ ವ್ಯಾಪ್ತಿ ಸಮನಾಗಿರಬೇಕು. ಬಿ ಐದಕ್ಕೆ ನಿಂತರೆ ಸಿ ಯೂ ಐದಕ್ಕೇ ನಿಲ್ಲಬೇಕು.

ನಾಲ್ಕು: ಸರಾಸರಿಗಳ ಸರಾಸರಿ ತೆಗೆಯಬೇಡಿ. ಪ್ರತಿ ತಿಂಗಳ ಸರಾಸರಿ ದರ ಬರೆದಿಟ್ಟುಕೊಂಡವರು ವರ್ಷದ ಲೆಕ್ಕಕ್ಕೆ ಆಯಾ ತಿಂಗಳ ಕ್ವಿಂಟಲನ್ನೂ ಜೊತೆಗೆ ಬರೆದಿಟ್ಟಿರಬೇಕು.

ಕೊನೆಗೆ ಒಂದು ತಾಳೆ: ಸರಾಸರಿಯನ್ನು ಒಟ್ಟು ಪ್ರಮಾಣದಿಂದ ಗುಣಿಸಿದರೆ ಕೈಗೆ ಬಂದ ಹಣ ಸಿಗಬೇಕು. ಸಿಗದಿದ್ದರೆ ಎಲ್ಲೋ ತಪ್ಪಿದೆ.

ಅಭ್ಯಾಸ

1. ಕಾಳುಮೆಣಸು 120 ಕಿಲೋ 650ರಂತೆ, 30 ಕಿಲೋ 700ರಂತೆ, 50 ಕಿಲೋ 620ರಂತೆ ಮಾರಿದರೆ ಕಿಲೋಗೆ ಸರಾಸರಿ ಎಷ್ಟು?

2. ಎಂಟು ಎಕರೆ ಎಕರೆಗೆ 5 ಮೂಟೆಯಂತೆ, ಮೂರು ಎಕರೆ 12ರಂತೆ, ಒಂದು ಎಕರೆ 16ರಂತೆ ಕೊಟ್ಟರೆ ಎಕರೆಗೆ ಸರಾಸರಿ ಎಷ್ಟು?

ಉತ್ತರ: ಮೊದಲನೆಯದು 650 ರೂಪಾಯಿ. ಎರಡನೆಯದು 7.67 ಮೂಟೆ.

ಉತ್ತರ ಹೊಂದದವರು, ಹೊಂದಿದರೂ ತಮ್ಮ ಪಟ್ಟಿಯ ಬಗ್ಗೆ ಅನುಮಾನವಿರುವವರು ಚೀಟಿ ತೆಗೆದುಕೊಂಡು ಕಚೇರಿಗೆ ಬನ್ನಿ, ಜೊತೆಗೆ ಕುಳಿತು ನೋಡೋಣ. ಅಂದು ಆ ಸದಸ್ಯೆ ಸಂಕೋಚಪಟ್ಟು ಮನೆಯಲ್ಲೇ ಉಳಿದಿದ್ದರೆ ನಮ್ಮ ತಪ್ಪು ಇಂದಿಗೂ ಲೆಕ್ಕದ ಪುಸ್ತಕದಲ್ಲಿ ಸರಿಯೆಂದೇ ಇರುತ್ತಿತ್ತು.