ಹಳೇ ಸಾಮಾನಿಗೂ ಅಳತಿ ಅದ

"ಪುರಾನಾ ಮಾಲ್ ಹೈ ಭಾಯ್, ವಾಪಸ್ ನಹೀ ಹೋತಾ." ಆನ್‌ಲೈನ್‌ನಲ್ಲಿ ಹಳೆ ಬೈಕಿನ ಸಾಮಾನು ಮಾರುವವನಿಗೆ ಫೋನ್ ಹಚ್ಚಿ ದೂರು ಹೇಳಿದಾಗ ನನಗೆ ಬಂದ ಉತ್ತರ ಇದು. ನಮ್ಮ ಬೀದರ್ ಜಿಲ್ಲೆಯ ಭಾತಂಬ್ರಾದ ಕಡೆ ಇಂಥ ಉತ್ತರ ಕೇಳಿದ ಮೇಲೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಕಿಲ್ಲ. ಹಳೆಯದು ಎಂದರೆ ಸವೆದದ್ದು. ಆ ಸವೆತಕ್ಕೆ ಒಪ್ಪಿಯೇ ನಾವು ಕಡಿಮೆ ದುಡ್ಡು ಕೊಡುತ್ತೇವೆ. ಆದರೆ ಬರೆದದ್ದು ಒಂದು, ಕಳಿಸಿದ್ದು ಇನ್ನೊಂದು ಆದರೆ ಅದಕ್ಕೆ ನಾವು ಒಪ್ಪಿಕೊಂಡಿರುವುದಿಲ್ಲ.

ನಮ್ಮ ಮನೆಯಲ್ಲಿರುವುದು ಅಪ್ಪನ ಯಮಹಾ ಆರ್‌ಎಕ್ಸ್ 100. ಎಸ್ಕಾರ್ಟ್ಸ್ ಜೊತೆ ಸೇರಿ ಯಮಹಾ 1985ರಲ್ಲಿ ತಂದ ಈ ಟೂ ಸ್ಟ್ರೋಕ್ ಗಾಡಿ 1996ರಲ್ಲಿ ನಿಂತುಹೋಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯೂ ಅದೇ ವರ್ಷ ನಿಂತಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಭಾಲ್ಕಿಯ ಅಂಗಡಿಗಳಲ್ಲಿ ಸ್ಪ್ಲೆಂಡರ್ ಸಾಮಾನು ಕೇಳಿದರೆ ಕೂಡಲೇ ತೆಗೆದು ಕೊಡುತ್ತಾರೆ. ಆರ್‌ಎಕ್ಸ್‌ನ ಒರಿಜಿನಲ್ ಬೇಕೆಂದರೆ ಹೈದರಾಬಾದಿನ ಭಂಗಾರ (ಗುಜರಿ) ಅಂಗಡಿಗಳನ್ನು ಸುತ್ತಬೇಕು, ಇಲ್ಲವೇ ಮೊಬೈಲ್‌ನಲ್ಲಿ ಹುಡುಕಬೇಕು.

ನಾನು ತರಿಸಿದ್ದು ಎಂಜಿನ್ನಿನ ಸಿಲಿಂಡರ್ ಬ್ಲಾಕ್. "ಒರಿಜಿನಲ್, ಸ್ಟ್ಯಾಂಡರ್ಡ್ ಬೋರ್" ಎಂದು ಬರೆದಿದ್ದರು. ಆರ್‌ಎಕ್ಸ್ 100ರ ಬೋರ್ 50 ಮಿಲಿಮೀಟರ್, ಸ್ಟ್ರೋಕೂ 50. ಹಾಗಾಗಿಯೇ ಅದು 98 ಸಿಸಿ. ಒಳಗೋಡೆ ಸವೆದಾಗ ಲೇತಿನವರು ಬೋರ್ ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕುತ್ತಾರೆ, ಸಾಮಾನ್ಯವಾಗಿ ಒಂದು ಸಲಕ್ಕೆ ಕಾಲು ಮಿಲಿಮೀಟರ್. ಬರಿಗಣ್ಣಿಗೆ ಇದು ಕಾಣುವುದೇ ಇಲ್ಲ. ಸ್ಟ್ಯಾಂಡರ್ಡ್ ಬ್ಲಾಕ್ ಆದರೆ ಮುಂದೆ ಹಲವು ಸಲ ಬೋರ್ ಮಾಡಿಸಬಹುದು. ಬೆಲೆ ನಿಂತಿರುವುದು ಆ ಉಳಿದ ಆಯುಷ್ಯದ ಮೇಲೆ.

ಭಾಲ್ಕಿಯ ಲೇತಿನಲ್ಲಿ ಬೋರ್ ಗೇಜ್ ಇಳಿಸಿ ನೋಡಿದ ಮಿಸ್ತ್ರಿ ತಲೆ ಅಲ್ಲಾಡಿಸಿದರು. "ಇದು ಸ್ಟ್ಯಾಂಡರ್ಡ್ ಇಲ್ರಿ ಅಣ್ಣಾ, ನಾಕನೇ ಬೋರ್ ಆಗ್ಯದ. ಇನ್ನ ಸ್ಲೀವೇ ಹಾಕಬೇಕು." ಗೇಜು 51ರ ಹತ್ತಿರ ತೋರಿಸುತ್ತಿತ್ತು. ಅವರು ಮುಂದೆ ಹೇಳಿದ್ದು ಅದಕ್ಕಿಂತ ಮುಖ್ಯ: "ಗಾಡಿಗಿ ಹಚ್ಚಬ್ಯಾಡ್ರಿ. ಹಚ್ಚಿದ್ರ ಅದು ನಿಮ್ಮದೇ ಆಗ್ತದ." ಕಾನೂನಿನ ಪುಸ್ತಕ ಓದದೆಯೂ ನ್ಯಾಯ ಎಲ್ಲಿದೆ ಎಂದು ಈ ಮಿಸ್ತ್ರಿಗೆ ಗೊತ್ತಿತ್ತು. ಒಂದು ಸಲ ಗಾಡಿಗೆ ಹಾಕಿ ಓಡಿಸಿದ ಬ್ಲಾಕ್ ವಾಪಸ್ ಕೊಟ್ಟರೆ, ಗೀರು ಬಿದ್ದದ್ದು ಯಾರ ಕೈಯಲ್ಲಿ ಎಂದು ಯಾರೂ ಹೇಳಲಾರರು. ಆ ಮಾತಿನಲ್ಲಿ ಮಾರುವವನ ಪರವಾದ ನ್ಯಾಯವೂ ಇದೆ.

ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿದ್ದೆ, ಮೇಲಿನ ಲೇಬಲ್ ಕಾಣುವ ಹಾಗೆ. ಬ್ಲಾಕಿನ ಮೇಲೆ ಎರಕದಲ್ಲೇ ಮೂಡಿದ ಅಕ್ಷರ-ಅಂಕಿಗಳ ಫೋಟೋ, ಗೇಜಿನ ಫೋಟೋ, ಅಳತೆ ಬರೆದ ಲೇತಿನ ಚೀಟಿ ಎಲ್ಲ ಒಟ್ಟಿಗೆ ಇಟ್ಟೆ. ಮಾರುವವರ ಪುಟದ ಸ್ಕ್ರೀನ್‌ಶಾಟ್ ಅನ್ನು ಆರ್ಡರ್ ಹಾಕುವಾಗಲೇ ತೆಗೆದಿದ್ದೆ. ಆಮೇಲೆ ಅವರು "ಸ್ಟ್ಯಾಂಡರ್ಡ್" ಎಂಬ ಮಾತನ್ನು ಅಳಿಸಿದ್ದರಿಂದ ಕೊನೆಗೆ ಕೆಲಸಕ್ಕೆ ಬಂದದ್ದು ಅದೇ. ಫೋನಿನಲ್ಲಿ ವಾದ ಮಾಡುವುದನ್ನು ನಿಲ್ಲಿಸಿ ಎಲ್ಲವನ್ನೂ ಬರಹದಲ್ಲಿ ಕಳಿಸಿದೆ.

ಆ ಬರಹಕ್ಕೆ ತೂಕ ಕೊಟ್ಟದ್ದು 2020ರ ಜುಲೈಯಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು. ವರ್ಣಿಸಿದ ಗುಣ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು, ಹಣ ಮರಳಿಸಲು ಆನ್‌ಲೈನ್ ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮಂಥ ಗಡಿನಾಡಿನವರಿಗೆ ಅದಕ್ಕಿಂತ ದೊಡ್ಡ ಬಲ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ: ಮಾರುವವನು ದಿಲ್ಲಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಭಾತಂಬ್ರಾದವರಿಗೆ ಅದು ಬೀದರಿನ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಬಹುದು. "ಬೀದರ್ ಆಯೋಗಕ್ಕೆ ಬರುತ್ತೇನೆ" ಎಂಬ ಸಾಲು ಬರೆದ ಮೇಲೆ ಮಾರುವವರ ದನಿ ಬದಲಾಯಿತು, ವಾಪಸ್ ಪಡೆಯಲು ಒಪ್ಪಿದರು.

ಆದರೆ ವಾಪಸ್ ಒಯ್ಯಲು ಬರಬೇಕಾದ ಕೊರಿಯರ್ ಹುಡುಗ ಊರಿಗೆ ಬರಲೇ ಇಲ್ಲ. ಆಪ್‌ನಲ್ಲಿ "ಗ್ರಾಹಕರು ಸಿಗಲಿಲ್ಲ" ಎಂದು ಬಂತು. ಹಳ್ಳಿಯಲ್ಲಿರುವವರು ಇದಕ್ಕೆ ತಯಾರಿರಬೇಕು. ಆ ಸಂದೇಶಕ್ಕೆ ಅಂದೇ ಲಿಖಿತ ಉತ್ತರ ಕೊಟ್ಟು, ಮಾರುವವರ ಒಪ್ಪಿಗೆ ಪಡೆದು ಭಾಲ್ಕಿಗೆ ಒಯ್ದು ನಾನೇ ಕಳಿಸಿದೆ. ಎಣ್ಣೆ ಜಿನುಗುವ ಪಾರ್ಸೆಲ್ ಯಾರೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಪೂರ್ತಿ ಒರೆಸಿ, ಫಿನ್ಸ್ ಮುರಿಯದಂತೆ ಸಂದುಗಳಿಗೆ ರಟ್ಟು ತುರುಕಿ, ಕಟ್ಟುವ ಮೊದಲು ತೂಕದ ಫೋಟೋ ತೆಗೆದೆ. ಬ್ಲಾಕಿನ ಹಣ ಪೂರ್ತಿ ಬಂತು. ಕಳಿಸಿದ ಖರ್ಚು ಬರಲಿಲ್ಲ, ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ವ್ಯಾಪಾರ ಮಾಡದ ಯಾರೋ ಒಬ್ಬರು ತಮ್ಮ ಮನೆಯ ಹಳೆ ಸಾಮಾನನ್ನು ಒಮ್ಮೆ ಮಾರಿದರೆ ಆ ಇ-ಕಾಮರ್ಸ್ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಯುಪಿಐಗೆ ಹಣ ಹಾಕುವ ಮುಂಚೆ ನಮ್ಮ ಹುಡುಗರು ಇದನ್ನು ತಿಳಿದಿರಬೇಕು. ಅಲ್ಲಿ ನಾನು ಬೋರಿನೊಳಗೆ ವರ್ನಿಯರ್ ಇಟ್ಟ ಫೋಟೋ ಕೇಳುತ್ತೇನೆ, ಕಳಿಸದಿದ್ದರೆ ಬಿಟ್ಟುಬಿಡುತ್ತೇನೆ. ಎಂಜಿನ್ ನಂಬರ್ ಇರುವ ಕ್ರ್ಯಾಂಕ್‌ಕೇಸನ್ನಂತೂ ಆ ದಾರಿಯಲ್ಲಿ ತರಿಸುವುದೇ ಇಲ್ಲ. ಅದು ಯಾವ ಗಾಡಿಯದೆಂಬ ಕಾಗದ ಜೊತೆಗೆ ಬರುವುದಿಲ್ಲ, ನಮ್ಮ ಆರ್‌ಸಿಯಲ್ಲಿರುವ ನಂಬರಿಗೆ ಅದು ಹೊಂದುವುದೂ ಇಲ್ಲ.